ನಾಲ್ಕು ಗಂಟೆಯ ಮೇಲಿನ ಬಾಲಮಂದಿರ

ಗೇಟಿನ ಕಂಬದ ಮೇಲೆ ಮಕ್ಕಳ ಸಹಾಯವಾಣಿಯ 1098 ಎಂಬ ಅಂಕಿ ರಸ್ತೆಗೆ ಕಾಣುವ ಹಾಗೆ ಬರೆದಿದೆ. ಪಕ್ಕದಲ್ಲಿ ಫಲಕ: ಸರ್ಕಾರಿ ಬಾಲಕರ ಬಾಲಮಂದಿರ. ಯಾವ ಜಿಲ್ಲೆಯದೆಂದು ನಾನು ಬರೆಯುತ್ತಿಲ್ಲ. ಇಲ್ಲಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವಂಥ ಯಾವ ವಿವರವನ್ನೂ ಪ್ರಕಟಿಸಬಾರದೆಂದು ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಊರು ಸಣ್ಣದು, ಒಂದು ಎಳೆ ಸಿಕ್ಕರೂ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ನಾನು ಬಂದದ್ದು ತಪಾಸಣಾ ಸಮಿತಿಯವರ ಹಿಂದೆ. ಮಕ್ಕಳನ್ನು ಇಟ್ಟುಕೊಂಡಿರುವ ಪ್ರತಿಯೊಂದು ಪಾಲನಾ ಸಂಸ್ಥೆಗೂ ಮೂರು ತಿಂಗಳಿಗೊಮ್ಮೆಯಾದರೂ ಇಂಥ ತಂಡ ಹೋಗಲೇಬೇಕು, ತಂಡದಲ್ಲಿ 3 ಜನಕ್ಕೆ ಕಡಿಮೆ ಇರಕೂಡದು, ಅವರಲ್ಲಿ ಒಬ್ಬರು ಮಹಿಳೆ, ಒಬ್ಬರು ವೈದ್ಯರು ಇರಬೇಕು. 2015ರ ಕಾಯ್ದೆಯ 54ನೇ ಕಲಮಿನಲ್ಲಿ ಇಷ್ಟೂ ಇದೆ. ಇವತ್ತು ಬಂದವರು ಸರ್ಕಾರಿ ಆಸ್ಪತ್ರೆಯ ವೈದ್ಯರು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಧಿಕಾರಿ, ಮತ್ತು ಮಕ್ಕಳ ಹಕ್ಕುಗಳ ಕೆಲಸದಲ್ಲೇ ತಲೆ ನರೆತ ಒಬ್ಬ ಮಹಿಳೆ. ಅವರನ್ನು ಎಲ್ಲರೂ ಅಕ್ಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಜೀಪು ಒಳಗೆ ಬಂದಾಗ ಬೆಳಿಗ್ಗೆ 11 ಗಂಟೆ.

ಮೊದಲು ಕಚೇರಿ. ಮೇಜಿನ ಮೇಲೆ ಪುಸ್ತಕಗಳು ಸಾಲಾಗಿ ಕಾದಿವೆ: ಹಾಜರಿ, ದಾಸ್ತಾನು, ಆರೋಗ್ಯದ ಕಾರ್ಡು, ಪ್ರತಿ ಮಗುವಿನ ವೈಯಕ್ತಿಕ ಪಾಲನಾ ಯೋಜನೆ, ನಿರ್ವಹಣಾ ಸಮಿತಿಯ ನಡಾವಳಿ. ಸಹಿ, ಮೊಹರು, ದಿನಾಂಕ ಯಾವುದಕ್ಕೂ ಕೊರತೆಯಿಲ್ಲ. ಕಾಫಿ ಬಂತು. ವೈದ್ಯರು ಮಾತ್ರ ಎರಡು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಹತ್ತು ವರ್ಷದ ಹುಡುಗ, ಹದಿನಾಲ್ಕರ ಹುಡುಗ, ಇಬ್ಬರ ತೂಕವೂ ತಿಂಗಳು ತಿಂಗಳು ಸರಿಯಾಗಿ ಅರ್ಧರ್ಧ ಕಿಲೋ ಏರಿದೆ. 'ತೂಕದ ಮಷೀನು ಎಲ್ಲಿದೆ, ತೋರಿಸಿ' ಎಂದರು. ಅದು ರಿಪೇರಿಗೆ ಹೋಗಿತ್ತು.

ಅಡುಗೆಮನೆ ಚೊಕ್ಕಟವಾಗಿತ್ತು, ಸಾರು ಕುದಿಯುತ್ತಿತ್ತು, ಮುದ್ದೆಗೆ ಎಸರಿಟ್ಟಿದ್ದರು. ಅಲ್ಲಿ ನಿಲ್ಲುವಂಥದ್ದೇನೂ ಇರಲಿಲ್ಲ.

ಮಲಗುವ ಕೋಣೆಗೆ ನಿಯಮದಲ್ಲಿ ಅಳತೆಯೇ ಇದೆ. 2016ರ ಮಾದರಿ ನಿಯಮಗಳ ಪ್ರಕಾರ 25 ಮಕ್ಕಳಿಗೆ 1000 ಚದರಡಿ, ತಲೆಗೆ 40. ಗೋಡೆಗೆ ಒರಗಿಸಿದ ಟ್ರಂಕುಗಳು, ಮಡಿಸಿಟ್ಟ ಕಂಬಳಿ, ಒಂದು ಟ್ರಂಕಿನ ಮೇಲೆ ಯಶ್ ಚಿತ್ರ. ಜಾಗ ಸಾಕಷ್ಟಿದೆ. ಅಕ್ಕ ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಬಚ್ಚಲುಮನೆಗಳ ಕಡೆ ಹೋದರು. ಒಂದೊಂದಕ್ಕೂ ತಾವೇ ಹೊಕ್ಕು, ಬಾಗಿಲು ಹಾಕಿಕೊಂಡು, ಒಳಗಿಂದ ಚಿಲಕ ಹಾಕಿ ನೋಡಿದರು. ಮೂರು ಬಾಗಿಲಿಗೆ ಚಿಲಕವಿರಲಿಲ್ಲ.

'ಹುಡುಗರು ಕಿತ್ತಾಕ್ತಾರೆ ಮೇಡಂ' ಎಂದರು ಅಧೀಕ್ಷಕರು.

'ಕಿತ್ತಾಕಿದ್ರೆ ಮತ್ತೆ ಹಾಕಿಸ್ಬೇಕಲ್ವಾ ಸಾರ್. ಬಾಗಿಲು ಹಾಕ್ಕೊಳ್ಳೋಕಾಗದ ಕಡೆ ಯಾವ ಮಗು ಸ್ನಾನ ಮಾಡುತ್ತೆ?'

ಅಧೀಕ್ಷಕರು ಕೆಟ್ಟವರೇನಲ್ಲ ಎಂದು ನನಗನಿಸಿತು. ಎರಡು ಮಂದಿರಗಳ ಹೊಣೆ ಅವರ ಮೇಲಿದೆ, ಆಪ್ತ ಸಮಾಲೋಚಕರ ಹುದ್ದೆ ಖಾಲಿ ಬಿದ್ದಿದೆ. ಆದರೆ ಸಲಹಾ ಪೆಟ್ಟಿಗೆಯ ಮುಂದೆ ಈ ಸಮಜಾಯಿಷಿ ನಡೆಯುವುದಿಲ್ಲ. ಪೆಟ್ಟಿಗೆ ಕಚೇರಿಯಿಂದ ದೂರ, ಮಕ್ಕಳು ಮಲಗುವ ಕೋಣೆಯ ಹತ್ತಿರ ಇರಬೇಕು. ಅದರ ಬೀಗದ ಕೈ ನಿರ್ವಹಣಾ ಸಮಿತಿಯ ಅಧ್ಯಕ್ಷರ ಬಳಿ ಇರಬೇಕು. ವಾರಕ್ಕೊಮ್ಮೆ ಮಕ್ಕಳ ಸಮಿತಿಯ ಎದುರಿಗೇ ತೆಗೆಯಬೇಕು. ಇಲ್ಲಿ ಅದು ತೂಗಾಡುತ್ತಿದ್ದದ್ದು ಅಧೀಕ್ಷಕರ ಕೋಣೆಯ ಕಿಟಕಿಯ ಪಕ್ಕದಲ್ಲಿ. ಕೈ ಬೇಕೆಂದಾಗ ಗುಮಾಸ್ತರು ತಮ್ಮ ಗೊಂಚಲಿನಿಂದಲೇ ಬಿಡಿಸಿಕೊಟ್ಟರು. ಒಳಗೆ ಒಂದೇ ಒಂದು ಚೀಟಿ: ಕೇರಂ ಬೋರ್ಡ್ ಬೇಕು. ದೂರು ಯಾರ ಮೇಲೋ ಅವರ ಕಣ್ಣೆದುರೇ ಚೀಟಿ ಹಾಕುವ ಧೈರ್ಯ ದೊಡ್ಡವರಿಗೇ ಇರುವುದಿಲ್ಲ.

ಇಷ್ಟೆಲ್ಲ ಆಗುವಾಗ ಮಕ್ಕಳು ಎಲ್ಲಿದ್ದರು? ಶಾಲೆಯಲ್ಲಿ. ಜ್ವರ ಬಂದು ಉಳಿದಿದ್ದ ಒಬ್ಬನೇ ಹುಡುಗ ಹಾಸಿಗೆಯ ಮೇಲಿದ್ದ. ವೈದ್ಯರು ಕೇಳಿದ ಪ್ರಶ್ನೆಗೆಲ್ಲ ಅವನು ಬಾಗಿಲಲ್ಲಿ ನಿಂತಿದ್ದ ಅಧೀಕ್ಷಕರ ಮುಖ ನೋಡಿಕೊಂಡು ಉತ್ತರ ಕೊಟ್ಟ.

ಕಾಗದದ ಮೇಲೆ ಲೆಕ್ಕ ಹಾಕಿದರೆ ಈ ಮನೆಗಳ ಮೇಲಿರುವ ಕಣ್ಣುಗಳು ಕಡಿಮೆಯಿಲ್ಲ. ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೆ ಕನಿಷ್ಠ ಎರಡು ಸಲ ತಪಾಸಣೆಗೆ ಹೋಗಬೇಕು. ಕಾಯ್ದೆಯ ಜಾರಿಯ ಮೇಲೆ ನಿಗಾ ಇಡಲು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ತಪಾಸಣಾ ಸಮಿತಿಗಳನ್ನು ಬೇಗ ರಚಿಸಿ ಎಂದು 2017ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿತು. ಆದರೂ ಬಿಹಾರದ ಮುಜಫ್ಫರಪುರದ ಬಾಲಕಿಯರ ಮನೆ ಸರ್ಕಾರದ ಹಣದಲ್ಲೇ ನಡೆಯುತ್ತಿತ್ತು. ಅಲ್ಲಿನ ಲೈಂಗಿಕ ದೌರ್ಜನ್ಯ ಹೊರಬಿದ್ದದ್ದು 2018ರಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಕೋಶಿಶ್' ತಂಡ ಆ ರಾಜ್ಯದ ಆಶ್ರಯಧಾಮಗಳ ಸಾಮಾಜಿಕ ಲೆಕ್ಕಪರಿಶೋಧನೆ ನಡೆಸಿ ವರದಿ ಕೊಟ್ಟ ಮೇಲೆ. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ 19 ಮಂದಿಯನ್ನು ತಪ್ಪಿತಸ್ಥರೆಂದಿತು. ಪುಸ್ತಕ ನೋಡುವವರಿಗೂ ಮಕ್ಕಳ ಮಾತು ಕೇಳುವವರಿಗೂ ಇರುವ ಅಂತರ ಅಷ್ಟು ದೊಡ್ಡದು.

ಇಂಗ್ಲೆಂಡಿನಲ್ಲಿ 2015ರ ನಿಯಮಾವಳಿಯ 44ನೇ ನಿಯಮದಂತೆ ಪ್ರತಿ ಮಕ್ಕಳ ಮನೆಗೂ ತಿಂಗಳಿಗೊಮ್ಮೆ ಹೊರಗಿನ ಸ್ವತಂತ್ರ ವ್ಯಕ್ತಿಯೊಬ್ಬರು ಹೋಗಬೇಕು. ಮುಂಚೆ ತಿಳಿಸದೆಯೂ ಹೋಗಬಹುದು, ಮಕ್ಕಳು ಒಪ್ಪಿದರೆ ಅವರ ಜೊತೆ ಏಕಾಂತದಲ್ಲಿ ಮಾತಾಡಬಹುದು. ತಮಾಷೆಯೆಂದರೆ ಆ ವ್ಯಕ್ತಿಯನ್ನು ಗೊತ್ತುಮಾಡುವುದು ಆ ಮನೆಯವರೇ. ಸ್ವತಂತ್ರ ಎಂಬ ವಿಶೇಷಣ ಅಲ್ಲೂ ಸುಲಭವಾಗಿ ದಕ್ಕಿದ್ದಲ್ಲ. ನನ್ನ ಮಟ್ಟಿಗೆ, ತಪಾಸಣೆಗೆ ಬರುವವರು ಸರ್ಕಾರದವರೋ ಖಾಸಗಿಯವರೋ ಎಂಬುದಕ್ಕಿಂತ ಎಷ್ಟು ಗಂಟೆಗೆ ಬರುತ್ತಾರೆ, ಯಾರನ್ನು ಹೊರಗೆ ಕಳಿಸಿ ಮಾತಾಡುತ್ತಾರೆ ಎಂಬುದು ಮುಖ್ಯ.

ಊಟದ ಹೊತ್ತಿಗೆ ಜೀಪು ಹೊರಟಿತು. ಅಕ್ಕ ಹತ್ತಲಿಲ್ಲ. ನಾಲ್ಕು ದಾಟಿದ ಮೇಲೆ ಹುಡುಗರು ಬಂದರು, ಬ್ಯಾಗು ಎಸೆದು ಮಂಡಕ್ಕಿಗೆ ಮುಗಿಬಿದ್ದರು. ಅಷ್ಟು ಹೊತ್ತೂ ಮಂಕಾಗಿದ್ದ ಕಟ್ಟಡಕ್ಕೆ ಗದ್ದಲ ಬಂತು. ಅಕ್ಕ ಬೇವಿನ ಕಟ್ಟೆಯ ಮೇಲೆ ಕೂತು, 'ಸಾರ್, ನೀವು ಒಳಗಿರಿ' ಎಂದು ಅಧೀಕ್ಷಕರನ್ನು ಕಳಿಸಿದರು. ನನ್ನನ್ನೂ ಅಷ್ಟು ದೂರ ಕೂರಿಸಿದರು. ಊಟ ಚೆನ್ನಾಗಿದೆಯಾ ಎಂದು ಅವರು ಕೇಳಲೇ ಇಲ್ಲ. ಅದಕ್ಕೆ ಎಲ್ಲ ಮನೆಗಳಲ್ಲೂ ಒಂದೇ ಉತ್ತರವಂತೆ. ಕ್ರಿಕೆಟ್ಟಿನಲ್ಲಿ ಯಾರು ಮೊದಲು ಬ್ಯಾಟ್ ಹಿಡಿಯುತ್ತಾರೆ, ಬಿಸಿನೀರು ಮೊದಲು ಯಾರಿಗೆ, ರಾತ್ರಿ ಹೊಟ್ಟೆನೋವು ಬಂದರೆ ಯಾರನ್ನು ಎಬ್ಬಿಸುತ್ತೀರಿ ಎಂದು ಕೇಳಿದರು.

ಬಿಸಿನೀರು ದೊಡ್ಡಣ್ಣಂದಿರಿಗೆ ಮೊದಲು. ಚಿಕ್ಕವರು ಅವರ ಬಟ್ಟೆ ಒಗೆದರೆ ಮಾತ್ರ ಒಂದು ಬಕೆಟ್ಟು. ರಾತ್ರಿಯ ಪ್ರಶ್ನೆಗೆ ಯಾರೂ ಬೇಗ ಬಾಯಿಬಿಡಲಿಲ್ಲ. ಆಮೇಲೆ ಒಬ್ಬ ಹೇಳಿದ: 'ಯಾರ್ನೂ ಎಬ್ಸಲ್ಲ ಅಜ್ಜಿ. ವಾಚ್‌ಮನ್ ಅಣ್ಣ ಗೇಟಲ್ಲಿರ್ತಾರೆ, ಗ್ರಿಲ್ಲಿಗೆ ಬೀಗ ಹಾಕಿರ್ತಾರೆ.'

ಇದ್ಯಾವುದೂ ಬೆಳಗಿನ ಪುಸ್ತಕಗಳಲ್ಲಿ ಇರಲಿಲ್ಲ. ವರದಿ ಒಂದು ವಾರದೊಳಗೆ ಜಿಲ್ಲಾಧಿಕಾರಿಗೆ ಹೋಗಬೇಕು, ಒಂದು ತಿಂಗಳೊಳಗೆ ಕ್ರಮವಾಗಬೇಕು. ಅಕ್ಕ ಅಲ್ಲೇ ಕೂತು ಚಿಲಕ, ಪೆಟ್ಟಿಗೆ, ತೂಕದ ಮಷೀನು, ಬಿಸಿನೀರು, ರಾತ್ರಿ ಒಳಗೆ ಮಲಗುವ ಒಬ್ಬ ಸಿಬ್ಬಂದಿ ಎಂದು ಬರೆದುಕೊಂಡರು. ಆಮೇಲೆ ಅಧಿಕಾರಿಗೆ ಫೋನು ಮಾಡಿ, ಮುಂದಿನ ಭೇಟಿಯನ್ನು ಭಾನುವಾರ ಸಂಜೆ ಇಟ್ಟುಕೊಳ್ಳೋಣ, ಅಧೀಕ್ಷಕರಿಗೆ ತಿಳಿಸುವುದು ಬೇಡ ಎಂದರು.

ಭಾನುವಾರ ಇಲಾಖೆಯ ಜೀಪು ಸಿಗುವುದಿಲ್ಲ ಎಂದು ಆ ಕಡೆಯಿಂದ ಉತ್ತರ ಬಂತು. 'ಬಸ್ಸಿಗೆ ಭಾನುವಾರ ರಜಾ ಇಲ್ಲವಲ್ಲ, ಬನ್ನಿ' ಎಂದರು ಅಕ್ಕ.