ಹೊಸ ಮನೆ ಕಟ್ತಿದ್ದೀರಾ? ಗಾರೆ ಕೆಲಸಕ್ಕೆ ಮುಂಚೆಯೇ ಡಿಶ್ ಕೇಬಲ್ ಲೆಕ್ಕ ಹಾಕಿ

ಸಾಗರ: ಹೊಸ ಮನೆಗೆ ವೈರಿಂಗ್ ಮಾಡಿಸುವಾಗ ಫ್ಯಾನ್ ಎಲ್ಲಿ, ಮಿಕ್ಸಿ ಎಲ್ಲಿ, ಫ್ರಿಜ್ ಎಲ್ಲಿ ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸ್ತೀವಿ. ಟಿವಿ ವಿಷಯ ಬಂದಾಗ ಮಾತ್ರ ‘ಹಾಲ್‌ನಲ್ಲಿ ಒಂದು ಪಾಯಿಂಟ್ ಕೊಟ್ಬಿಡಿ’ ಅಂತ ಹೇಳಿ ಮುಗಿಸ್ತೀವಿ. ಗೃಹಪ್ರವೇಶ ಆಗಿ ವರ್ಷ ಕಳೆಯೋದ್ರೊಳಗೆ ಅಜ್ಜ-ಅಜ್ಜಿ ರೂಮಿಗೊಂದು ಟಿವಿ ಬೇಕಾಗುತ್ತೆ, ಮಹಡಿ ಮೇಲೊಂದು ಬೇಕಾಗುತ್ತೆ. ರಸ್ತೆ ಬದಿಯ ಮನೆಯಾದ್ರೆ ಮುಂದಿನ ಅಂಗಡಿಗೂ ಒಂದು. ಆಗ ಉಳಿಯೋದು ಎರಡೇ ದಾರಿ. ಪೇಂಟ್ ಆದ ಗೋಡೆ ಕೊರೀಬೇಕು, ಇಲ್ಲಾ ಕಿಟಕಿ ಸಂದಿಯಲ್ಲಿ ಕೇಬಲ್ ತೂರಿಸಬೇಕು.

ಪೇಟೆ ಬೀದಿಗಳಲ್ಲಿ ಲೋಕಲ್ ಕೇಬಲ್ ಸಿಗುತ್ತೆ. ತೋಟದ ನಡುವಿನ ಒಂಟಿ ಮನೆಗಳಿಗೆ ಡಿಟಿಎಚ್ ಅಥವಾ ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್ ಗತಿ. ಈ ಎರಡಕ್ಕೂ ವೈರಿಂಗ್ ಒಂದೇ ರೀತಿ ಅಂದುಕೊಳ್ಳೋದ್ರಿಂದಲೇ ಅರ್ಧ ತೊಂದರೆ ಶುರುವಾಗುತ್ತೆ.

ಕೇಬಲ್ ಬೇರೆ, ಡಿಶ್ ಬೇರೆ

ಲೋಕಲ್ ಕೇಬಲ್‌ನಲ್ಲಿ ಎಲ್ಲಾ ಚಾನೆಲ್‌ಗಳೂ ಒಂದೇ ವೈರಿನಲ್ಲಿ ಒಟ್ಟಿಗೆ ಬರ್ತವೆ. ಅದಕ್ಕೇ ಚಿಕ್ಕ ಸ್ಪ್ಲಿಟರ್ ಹಾಕಿ ಎರಡು ಟಿವಿಗೆ ಕೊಟ್ಟರೂ ನಡೆಯುತ್ತೆ. ಡಿಶ್‌ನಲ್ಲಿ ಹಾಗಲ್ಲ. ಡಿಶ್‌ನ ಮುಂದೆ ತೋಳಿನ ತುದಿಯಲ್ಲಿ ಇರುವ ಎಲ್‌ಎನ್‌ಬಿಗೆ ಕರೆಂಟ್ ಹೋಗೋದು ಮನೆಯೊಳಗಿನ ಸೆಟ್‌ಟಾಪ್ ಬಾಕ್ಸ್‌ನಿಂದ, ಅದೇ ಕೇಬಲ್ ಮೂಲಕ. ಸಿಗ್ನಲ್ ಕೆಳಗೆ ಬರುತ್ತೆ, ಕರೆಂಟ್ ಮೇಲೆ ಹೋಗುತ್ತೆ.

ಆ ಕರೆಂಟೇ ಒಂದು ಆದೇಶವೂ ಹೌದು. ಬಾಕ್ಸ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಲಂಬ ತರಂಗದ ಚಾನೆಲ್‌ಗಳನ್ನು ಕೊಡುತ್ತೆ, 18 ವೋಲ್ಟ್ ಕಳಿಸಿದರೆ ಅಡ್ಡ ತರಂಗದ್ದು. ಒಂದೇ ಔಟ್‌ಪುಟ್ ಇರುವ ಎಲ್‌ಎನ್‌ಬಿಗೆ ಸ್ಪ್ಲಿಟರ್ ಹಾಕಿ ಎರಡು ಬಾಕ್ಸ್ ಜೋಡಿಸಿದಾಗ ಒಂದು ಬಾಕ್ಸ್ 13 ಅಂದು ಇನ್ನೊಂದು 18 ಅಂದ್ರೆ, ಎಲ್‌ಎನ್‌ಬಿ ಒಬ್ಬರ ಮಾತು ಮಾತ್ರ ಕೇಳುತ್ತೆ. ಹಾಲ್‌ನಲ್ಲಿ ಧಾರಾವಾಹಿ ಹಾಕಿದ ಕೂಡಲೇ ಒಳಗಿನ ರೂಮಿನಲ್ಲಿ ‘ನೋ ಸಿಗ್ನಲ್’ ಅಂತ ಬರೋದಕ್ಕೆ ಇದೇ ಕಾರಣ.

ಇನ್ನೊಂದು ಅಡಚಣೆಯೂ ಇದೆ. ಕೇಬಲ್ ಟಿವಿಗೆ ಮಾಡಿದ ಸ್ಪ್ಲಿಟರ್‌ಗಳು ಸಾಮಾನ್ಯವಾಗಿ 1000 ಮೆಗಾಹರ್ಟ್ಸ್ ಒಳಗೆ ಕೆಲಸ ಮಾಡ್ತವೆ. ಎಲ್‌ಎನ್‌ಬಿಯಿಂದ ಇಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್‌ವರೆಗೆ ಇರುತ್ತೆ. ಹಾಗಾಗಿ ಹಳೇ ಮನೆಯ ಸ್ಪ್ಲಿಟರ್ ಕಿತ್ತು ತಂದು ಡಿಶ್‌ಗೆ ಹಾಕಿದ್ರೆ ಪ್ರಯೋಜನ ಇಲ್ಲ. ಎಲ್ಲ ಚಾನೆಲ್ ಒಂದೇ ಬಗೆಯ ತರಂಗದಲ್ಲಿ ಬರುವ ಕಡೆ ಡಿಶ್‌ಗೇ ಮಾಡಿದ ಸ್ಪ್ಲಿಟರ್ ನಡೆದರೂ, ಸಿಗ್ನಲ್ ಎರಡು ಪಾಲಾಗುತ್ತೆ. ಜೋರು ಮಳೆ ಬಂದಾಗ ಮೊದಲು ಹೋಗೋದು ಅದೇ.

ಹಾಗಾದ್ರೆ ಸರಿಯಾದ ದಾರಿ ಯಾವುದು?

ಎಷ್ಟು ಸೆಟ್‌ಟಾಪ್ ಬಾಕ್ಸೋ ಅಷ್ಟು ಕೇಬಲ್. ಪ್ರತಿ ಬಾಕ್ಸ್‌ನಿಂದ ಡಿಶ್‌ವರೆಗೆ ಅದರದ್ದೇ ಪ್ರತ್ಯೇಕ ಕೇಬಲ್ ಹೋಗಬೇಕು. ಒಂದು ಡಿಶ್ ಸಾಕು, ಅದಕ್ಕೆ ಎರಡು ಅಥವಾ ನಾಲ್ಕು ಔಟ್‌ಪುಟ್‌ನ ಎಲ್‌ಎನ್‌ಬಿ ಹಾಕಿಸಿ. ಅದಕ್ಕಿಂತ ಹೆಚ್ಚು ಟಿವಿ ಇರುವ ಲಾಡ್ಜ್, ಬಾಡಿಗೆ ಮನೆ ಸಾಲಿಗೆ ಮಲ್ಟಿಸ್ವಿಚ್ ಬೇಕಾಗುತ್ತೆ.

ಅಂಗಡಿಯ ಎರಡು ಟಿವಿಯಲ್ಲಿ ಒಂದೇ ಚಾನೆಲ್ ಬಂದ್ರೆ ಸಾಕು ಅನ್ನೋರಿಗೆ ಎರಡನೇ ಬಾಕ್ಸ್ ಬೇಡ. ಒಂದೇ ಬಾಕ್ಸ್‌ಗೆ ಎಚ್‌ಡಿಎಂಐ ಸ್ಪ್ಲಿಟರ್ ಹಾಕಬಹುದು. ಹೋಟೆಲ್, ಬೇಕರಿಯವರು ಮಾತ್ರ ಒಂದು ನೆನಪಿಡಿ: ಗಿರಾಕಿಗಳಿಗೆ ತೋರಿಸುವ ಟಿವಿಗೆ ಮನೆ ಬಳಕೆಯ ಪ್ಯಾಕ್ ನಡೆಯುತ್ತಾ, ಕಮರ್ಷಿಯಲ್ ಪ್ಯಾಕ್ ಬೇಕಾ ಅಂತ ಕಂಪನಿಯವರನ್ನು ಮೊದಲೇ ಕೇಳಿಕೊಳ್ಳಿ.

ಡಿಶ್ ಎಲ್ಲಿ ಕೂರುತ್ತೆ ಅನ್ನೋದು ಮೊದಲು

ಪೈಪ್ ಎಳೆಯೋಕೆ ಮುಂಚೆ ಡಿಶ್ ಜಾಗ ಗೊತ್ತಾಗಬೇಕು. ನಮ್ಮ ಭಾಗದಿಂದ ನೋಡಿದರೆ ಡಿಟಿಎಚ್ ಉಪಗ್ರಹಗಳೆಲ್ಲ ಆಗ್ನೇಯದ ಕಡೆ ಇವೆ, ವಾಸ್ತು ಪ್ರಕಾರ ಅಡುಗೆಮನೆ ಇಡುವ ಮೂಲೆ ಇದೆಯಲ್ಲ, ಆ ದಿಕ್ಕು. ಫ್ರೀ ಡಿಶ್ ಚಾನೆಲ್‌ಗಳು ಬರುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಮಗೆ ಅದು ಹೆಚ್ಚುಕಮ್ಮಿ ನೇರ ಆಗ್ನೇಯಕ್ಕೆ, 60 ಡಿಗ್ರಿಗಿಂತ ಎತ್ತರದಲ್ಲಿ ಸಿಗುತ್ತೆ. ಕೆಲವು ಕಂಪನಿಗಳದ್ದು ಸ್ವಲ್ಪ ದಕ್ಷಿಣಕ್ಕೆ, ಕೆಲವದ್ದು ಪೂರ್ವಕ್ಕೆ ವಾಲಿರುತ್ತೆ.

ಡಿಶ್ ನೋಡೋಕೆ ಎದುರಿನ ಮನೆ ಕಡೆ ಮುಖ ಮಾಡಿದ ಹಾಗೆ ಕಂಡರೂ ಅದು ಹಿಡಿಯೋದು ಅದಕ್ಕಿಂತ ಮೇಲಿನ ಆಕಾಶವನ್ನ. ಆ ದಿಕ್ಕಿನಲ್ಲಿ ಅಡಿಕೆ ಮರ, ತೆಂಗಿನ ಮರ ಇದ್ದರೆ ಈಗಿನ ಎತ್ತರ ನೋಡಿ ಸುಮ್ಮನಾಗಬೇಡಿ, ಐದು ವರ್ಷದ ನಂತರದ ಎತ್ತರ ಅಂದಾಜು ಮಾಡಿ. ಪಕ್ಕದ ಸೈಟ್ ಖಾಲಿ ಇದ್ದರೆ ಅಲ್ಲೂ ಎರಡಂತಸ್ತು ಎದ್ದೀತು. ಡಿಶ್ ಹತ್ತಿರ ಕೈ ತಲುಪುವ ಜಾಗವೂ ಇರಲಿ. ಮಳೆಗಾಲದಲ್ಲಿ ಹಾಸು ಹಿಡಿದ ಹೆಂಚಿನ ಮಾಡು ಹತ್ತಿ ರಿಪೇರಿ ಮಾಡುವ ಪರಿಸ್ಥಿತಿ ಬೇಡ.

ಪೈಪ್ ಮತ್ತು ಕೇಬಲ್ ಲೆಕ್ಕ

ಡಿಶ್‌ಗೆ ಹತ್ತಿರದಲ್ಲಿ, ಮಳೆ ಬೀಳದ ಕಡೆ ಒಂದು ದೊಡ್ಡ ಬಾಕ್ಸ್ ಇಡಿಸಿ. ಮೆಟ್ಟಿಲು ಮೇಲಿನ ಹೆಡ್‌ರೂಮ್ ಒಳಗೋಡೆ ಒಳ್ಳೆ ಜಾಗ. ಅಲ್ಲಿಂದ ಪ್ರತಿ ಟಿವಿ ಪಾಯಿಂಟ್‌ಗೆ ಬೇರೆ ಬೇರೆ ಪೈಪ್ ಹೋಗಲಿ. ಹಾಲ್‌ನಿಂದ ರೂಮಿಗೆ, ರೂಮಿನಿಂದ ಅಂಗಡಿಗೆ ಅಂತ ಸರಪಳಿ ಹಾಕಿಸಬೇಡಿ. ಮಧ್ಯದಲ್ಲಿ ಒಂದು ಕಡೆ ಕೆಟ್ಟರೆ ಮುಂದಿನದ್ದೆಲ್ಲ ಹೋಯ್ತು.

25 ಮಿಲಿಮೀಟರ್ ಪೈಪ್ ಹಾಕಿಸಿ. ಕರೆಂಟ್ ವೈರ್ ಇರುವ ಪೈಪ್‌ನಲ್ಲೇ ಡಿಶ್ ಕೇಬಲ್ ತೂರಿಸೋದು ಅಪಾಯ, ಕಡ್ಡಾಯವಾಗಿ ಬೇರೆ ಪೈಪ್ ಇರಲಿ. ತಿರುವಿನಲ್ಲಿ ಚೂಪು ಮೂಲೆಯ ಎಲ್ಬೋ ಬೇಡ, ಉದ್ದ ಬೆಂಡ್ ಹಾಕಿಸಿ. ಕೇಬಲ್ ಮಡಚಿದರೆ ಒಳಗಿನ ಬಿಳಿ ಫೋಮ್ ಅಪ್ಪಚ್ಚಿಯಾಗಿ ಸಿಗ್ನಲ್ ಕೆಡುತ್ತೆ. ಪ್ರತಿ ಪೈಪ್‌ನಲ್ಲೂ ಒಂದು ನೈಲಾನ್ ದಾರ ಬಿಟ್ಟಿರಿ. ನಾಳೆ ಇಂಟರ್‌ನೆಟ್ ಕೇಬಲ್ ಎಳೀಬೇಕಾದ್ರೆ ಅದೇ ದಾರ ಗೋಡೆ ಉಳಿಸುತ್ತೆ.

ಕೇಬಲ್ ಆರ್‌ಜಿ-6, 75 ಓಮ್‌ನದ್ದೇ ಇರಲಿ. ಉದ್ದ ಹೆಚ್ಚಿದ್ರೆ ನಡುವಿನ ತಂತಿ ಪೂರ್ತಿ ತಾಮ್ರದ್ದು ತಗೊಳ್ಳಿ. ತಾಮ್ರ ಲೇಪಿಸಿದ ಉಕ್ಕಿನ ತಂತಿ ಅಗ್ಗ, ಆದರೆ ಎಲ್‌ಎನ್‌ಬಿಗೆ ಹೋಗುವ ವೋಲ್ಟ್ ದಾರಿಯಲ್ಲೇ ಕುಸಿಯುತ್ತೆ. ಮೇಲಿನ ಫ್ರೀಕ್ವೆನ್ಸಿಯಲ್ಲಿ ಈ ಕೇಬಲ್ 10 ಮೀಟರ್‌ಗೆ ಸುಮಾರು ಅರ್ಧ ಸಿಗ್ನಲ್ ತಿನ್ನುತ್ತೆ. ಎಲ್‌ಎನ್‌ಬಿ ಸಿಗ್ನಲ್ ಜೋರು ಮಾಡಿ ಕಳಿಸೋದ್ರಿಂದ 30 ಮೀಟರ್ ತನಕ ಸಾಮಾನ್ಯವಾಗಿ ಚಿಂತೆ ಇಲ್ಲ.

ಒಂದು ಉದಾಹರಣೆ. ಮೂರು ಟಿವಿಯ ಮನೆ. ಡಿಶ್‌ನಿಂದ ಹೆಡ್‌ರೂಮ್ ಬಾಕ್ಸ್‌ಗೆ 6 ಮೀಟರ್. ಬಾಕ್ಸ್‌ನಿಂದ ಹಾಲ್‌ಗೆ 16, ಹಿರಿಯರ ರೂಮಿಗೆ 18, ಮಹಡಿ ರೂಮಿಗೆ 8 ಮೀಟರ್. ಮೂರು ಕೇಬಲ್‌ಗಳ ಉದ್ದ 22, 24, 14, ಒಟ್ಟು 60 ಮೀಟರ್. ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಉಳಿಕೆ ಬಿಟ್ಟರೆ 66. ಮಧ್ಯೆ ಜಾಯಿಂಟ್ ಇಲ್ಲದೆ ಒಂದೊಂದನ್ನೂ ಪೂರ್ತಿ ಎಳೆಸಿ, ಎರಡೂ ತುದಿಗೆ ‘ಹಾಲ್’, ‘ರೂಮ್’ ಅಂತ ಚೀಟಿ ಅಂಟಿಸಿ.

ಗೋಡೆ ಪಾಯಿಂಟ್‌ನಲ್ಲಿ ಎಡವೋದು ಇಲ್ಲಿ

ಟಿವಿ ಸಾಕೆಟ್ ಅಂತ ಅಂಗಡಿಯಲ್ಲಿ ಕೇಳಿದರೆ ಹೆಚ್ಚಾಗಿ ಕೊಡೋದು ಕೇಬಲ್ ಟಿವಿಯದ್ದು. ಅದರಲ್ಲಿ ಕೆಲವದ್ದರ ಒಳಗೆ ಡಿಸಿ ಕರೆಂಟ್ ತಡೆಯುವ ಬಿಡಿಭಾಗ ಇರುತ್ತೆ. ಅದು ಹಾಕಿದ್ರೆ ಬಾಕ್ಸ್ ಕಳಿಸಿದ ವೋಲ್ಟ್ ಮೇಲೆ ಹೋಗೋದೇ ಇಲ್ಲ, ಎಲ್‌ಎನ್‌ಬಿ ಸತ್ತಂತೆಯೇ. ಡಿಶ್ ಇರುವ ಮನೆಗೆ ತಿರುಗಿಸಿ ಬಿಗಿಯುವ ಎಫ್ ಕನೆಕ್ಟರ್ ಇರುವ ಸಾಕೆಟ್ ಕೇಳಿ. ಸಿಗದಿದ್ದರೆ ಖಾಲಿ ಪ್ಲೇಟ್‌ಗೆ ತೂತು ಮಾಡಿ ಕೇಬಲ್ ಹೊರಗೆ ತೆಗೆದರೂ ಆದೀತು.

ಟಿವಿ ಪಾಯಿಂಟ್ ಪಕ್ಕ ಕನಿಷ್ಠ ಮೂರು ಪ್ಲಗ್ ಇರಲಿ: ಟಿವಿಗೆ, ಬಾಕ್ಸ್‌ಗೆ, ಇನ್ನೊಂದು ಮುಂದಕ್ಕೆ. ಟಿವಿ ಗೋಡೆಗೆ ನೇತುಹಾಕಿ ಬಾಕ್ಸ್ ಕೆಳಗಿನ ಶೆಲ್ಫ್‌ನಲ್ಲಿ ಇಡೋದಾದ್ರೆ ಎರಡರ ನಡುವೆ ಗೋಡೆಯೊಳಗೆ ಎರಡು ಇಂಚಿನ ನೇರ ಪೈಪ್ ತುಂಡು ಇಡಿಸಿ. ಎಚ್‌ಡಿಎಂಐ ಕೇಬಲ್‌ನ ತಲೆ ಸಣ್ಣ ಪೈಪ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ.

ಮಳೆ, ಸಿಡಿಲು

ಹೊರಗಿನ ಕೇಬಲ್ ಗೋಡೆ ಹೊಗುವ ಮುಂಚೆ ಸ್ವಲ್ಪ ಕೆಳಗೆ ಬಳುಕಿ ಆಮೇಲೆ ಮೇಲೆ ಏರಿ ಒಳಗೆ ಹೋಗಲಿ. ಹಾಗಿದ್ದರೆ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತೆ, ಇಲ್ಲದಿದ್ದರೆ ಕೇಬಲ್ ಹಿಡಿದುಕೊಂಡೇ ಒಳಗೆ ಬರುತ್ತೆ. ಎಲ್‌ಎನ್‌ಬಿ ಕನೆಕ್ಟರ್ ಮೇಲೆ ರಬ್ಬರ್ ಟೋಪಿ ಅಥವಾ ನೀರು ತಡೆಯುವ ಟೇಪ್ ಇರಬೇಕು.

ಡಿಶ್ ಕಂಬಕ್ಕೆ ಮನೆಯ ಅರ್ಥಿಂಗ್‌ಗೆ ಸೇರುವ ದಪ್ಪ ತಂತಿ ಕೊಡಿಸಿ. ಹಾಗಂತ ಸಿಡಿಲಿಗೆ ಪೂರ್ತಿ ರಕ್ಷಣೆ ಸಿಕ್ಕಿತು ಅಂದುಕೊಳ್ಳಬೇಡಿ. ಗುಡುಗು ಶುರುವಾಗುವ ಲಕ್ಷಣ ಕಂಡ ಕೂಡಲೇ ಪ್ಲಗ್ ಜೊತೆಗೆ ಬಾಕ್ಸ್‌ನ ಹಿಂದಿನ ಡಿಶ್ ಕೇಬಲ್ ಕೂಡ ಬಿಚ್ಚಿಡಿ. ಗುಡುಗು ತಲೆ ಮೇಲೆ ಬಂದ ಮೇಲೆ ಮುಟ್ಟೋಕೆ ಹೋಗಬೇಡಿ. ಬರೀ ಸ್ವಿಚ್ ಆರಿಸಿದರೆ ಸಾಲದು, ಕೇಬಲ್ ದಾರಿ ತೆರೆದೇ ಇರುತ್ತೆ.

ಪೇಂಟ್‌ಗೆ ಮುಂಚೆ ಒಂದು ಪರೀಕ್ಷೆ

ಪ್ರತಿ ಕೇಬಲ್‌ನ ನಡುವಿನ ತಂತಿ ಮತ್ತು ಹೊರ ಜಾಲರಿ ಮಧ್ಯೆ ಮಲ್ಟಿಮೀಟರ್ ಇಟ್ಟು ನೋಡಿಸಿ. ಎರಡೂ ತುದಿ ಬಿಡಿಯಾಗಿದ್ದಾಗ ಬೀಪ್ ಬರಬಾರದು. ಒಂದು ತುದಿಯಲ್ಲಿ ಎರಡನ್ನೂ ಮುಟ್ಟಿಸಿದಾಗ ಬೀಪ್ ಬರಬೇಕು. ಐದು ನಿಮಿಷದ ಕೆಲಸ, ಎಲೆಕ್ಟ್ರಿಷಿಯನ್ ಅಲ್ಲೇ ಇರುವಾಗಲೇ ಮಾಡಿಸಿ. ಡಿಶ್ ಕೂರಿಸಿದ ಮೇಲೆ ಬಿಸಿಲಿರುವ ದಿನ ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಸ್ಟ್ರೆಂತ್, ಕ್ವಾಲಿಟಿ ಎಷ್ಟು ತೋರಿಸುತ್ತೆ ಅಂತ ಬರೆದಿಟ್ಟುಕೊಳ್ಳಿ. ಮುಂದೆ ಟಿವಿ ಕೈಕೊಟ್ಟಾಗ ಆ ನಂಬರ್ ಜೊತೆ ಹೋಲಿಸಿ ನೋಡಿ. ಜೋರು ಮಳೆಯಲ್ಲಿ ಇಳಿದು ಮಳೆ ನಿಂತ ಮೇಲೆ ತಾನೇ ಮೇಲೆ ಬಂದ್ರೆ ಮೆಕ್ಯಾನಿಕ್ ಕರೆಸೋ ಅಗತ್ಯ ಇಲ್ಲ. ಮಳೆ ನಿಂತು ಬಿಸಿಲು ಬಂದರೂ ಕಮ್ಮಿಯೇ ಇದ್ದರೆ ಡಿಶ್ ಅಲುಗಿದೆ ಅಥವಾ ಕನೆಕ್ಟರ್‌ಗೆ ನೀರು ಇಳಿದಿದೆ ಅಂತ ಅರ್ಥ.