ಅಂಚೆಯಣ್ಣನ ಅರಮನೆ

ಒಂದು ಕಲ್ಲು! ದಾರಿಯಲ್ಲಿ ಕಾಲಿಗೆ ತಗುಲಿದ ಒಂದೇ ಒಂದು ಕಲ್ಲಿನಿಂದ ಅರಮನೆ ಎದ್ದಿತೆಂದರೆ ನಂಬುತ್ತೀರಾ?

1879ರ ಏಪ್ರಿಲ್. ಫ್ರಾನ್ಸಿನ ಆಗ್ನೇಯ ಭಾಗದ ಓಟ್‌ರೀವ್ ಎಂಬ ಹಳ್ಳಿ. ಕಾಗದಪತ್ರಗಳ ಚೀಲ ಹೊತ್ತು ಹೊರಟಿದ್ದ ಅಂಚೆಯಣ್ಣ ಫರ್ಡಿನಾಂಡ್ ಶೆವಾಲ್ ಕಲ್ಲೊಂದನ್ನು ಎಡವಿ ಮುಗ್ಗರಿಸಿದ. ನಾವಾಗಿದ್ದರೆ ಕಲ್ಲಿಗೆ ಶಾಪ ಹಾಕಿ ಮುಂದೆ ಹೋಗುತ್ತಿದ್ದೆವು. ಶೆವಾಲ್ ಬಗ್ಗಿ ನೋಡಿದ. ನೀರು ಕೊರೆದು ಕಾಲ ಗಟ್ಟಿಮಾಡಿದ, ಗಂಟುಗಂಟಾದ ಮರಳುಗಲ್ಲು. ಅಬ್ಬಾ, ಎಂಥ ಆಕಾರ! ಜೇಬಿಗೆ ಸೇರಿಸಿದ. ಮರುದಿನ ಅದೇ ಜಾಗಕ್ಕೆ ಹೋದರೆ ಅದಕ್ಕಿಂತ ಚೆಲುವಾದ ಕಲ್ಲುಗಳು! ಎಷ್ಟೋ ವರ್ಷಗಳ ಹಿಂದೆ ಕಂಡು ಮರೆತೇಹೋಗಿದ್ದ ಅರಮನೆಯ ಕನಸು ಎದ್ದು ಕೂತಿತು. ಶಿಲ್ಪದ ಕೆಲಸವನ್ನು ಪ್ರಕೃತಿಯೇ ಮಾಡಿಟ್ಟಿದೆ, ಇನ್ನು ಗಾರೆ ಕೆಲಸ ನನ್ನದು ಎಂದುಕೊಂಡ. ಆಗ ಆತನಿಗೆ ಸುಮಾರು 43 ವರ್ಷ. ಕಟ್ಟಡದ ವಿದ್ಯೆ ಕಲಿತವನೇ ಅಲ್ಲ!

ದಿನಕ್ಕೆ ಸುಮಾರು 30 ಕಿಲೋಮೀಟರ್ ನಡಿಗೆ. ವರ್ಷಕ್ಕೆ 300 ದಿನವೆಂದು ಲೆಕ್ಕ ಹಾಕಿ ನೋಡಿ, ನಾಲ್ಕೂವರೆ ವರ್ಷಕ್ಕೆ ಭೂಮಿಗೆ ಒಂದು ಸುತ್ತು! ಇಷ್ಟು ನಡೆದವನಿಗೆ ಮನೆ ಸೇರಿ ಕಾಲು ಚಾಚಿದರೆ ಸಾಕೆನಿಸಬೇಕಿತ್ತು. ಆದರೆ ಆತನಿಗೆ ಕಲ್ಲು ಸಿಗುತ್ತಿದ್ದುದೇ ಆ ನಡಿಗೆಯಲ್ಲಿ! ಮೊದಲು ಜೇಬು ತುಂಬಿದ. ಹರಿದ ಜೇಬುಗಳನ್ನು ಹೆಂಡತಿ ಹೊಲಿದು ಹೊಲಿದು ಸೋತಳು. ಆಮೇಲೆ ಬುಟ್ಟಿ. ಅದೂ ಸಾಲದೆ ಒಂದು ಚಕ್ರದ ಕೈಗಾಡಿ. ಹಗಲು ಕಾಗದ ಹಂಚುತ್ತ ದಾರಿಬದಿಯಲ್ಲಿ ಕಲ್ಲು ಗುಡ್ಡೆ ಹಾಕುವುದು, ಕೆಲಸ ಮುಗಿದ ಮೇಲೆ ಗಾಡಿ ತಳ್ಳಿಕೊಂಡು ಹೋಗಿ ತರುವುದು, ರಾತ್ರಿ ಎಣ್ಣೆ ದೀಪದ ಬೆಳಕಿನಲ್ಲಿ ಸುಣ್ಣ ಕಲೆಸಿ ಕಟ್ಟುವುದು. ಊರು ಹುಚ್ಚನೆಂದು ನಕ್ಕಿತು. ಆತ ಇನ್ನೊಂದು ಕಲ್ಲು ಇಟ್ಟ.

ಪೂರ್ವದಿಕ್ಕಿನ ಮುಖವೊಂದಕ್ಕೇ 20 ವರ್ಷ! ಅಲ್ಲಿ ಸೀಸರ್, ವರ್ಸಿಂಜೆಟೋರಿಕ್ಸ್, ಆರ್ಕಿಮಿಡೀಸ್ ಎಂಬ ಮೂವರು ದೈತ್ಯರು ನಿಂತಿದ್ದಾರೆ. ಪಶ್ಚಿಮಕ್ಕೆ ಬನ್ನಿ: ಮಸೀದಿ, ಸ್ವಿಟ್ಜರ್ಲೆಂಡಿನ ಮರದ ಮನೆ, ಮತ್ತೆ, ಉಸಿರು ಬಿಗಿಹಿಡಿಯಿರಿ, ಒಂದು ಹಿಂದೂ ದೇಗುಲ! ಭಾರತವನ್ನು ಎಂದೂ ಕಾಣದವನಿಗೆ ಅಂಚೆಕಾರ್ಡು, ಪತ್ರಿಕೆಗಳ ಚಿತ್ರಗಳೇ ಯಾತ್ರೆ. ಮನೆಮನೆಗೆ ಲೋಕದ ಸುದ್ದಿ ಮುಟ್ಟಿಸುತ್ತಿದ್ದವನು ಲೋಕವನ್ನೇ ತನ್ನ ಹಿತ್ತಲಿಗೆ ತಂದುಕೊಂಡಿದ್ದ!

1912ರಲ್ಲಿ ಅರಮನೆ ಮುಗಿಯಿತು. 26 ಮೀಟರ್ ಉದ್ದ. 10,000 ದಿನ, 93,000 ಗಂಟೆ, 33 ವರ್ಷದ ದುಡಿಮೆ ಎಂದು ಗೋಡೆಯ ಮೇಲೇ ಲೆಕ್ಕ ಬರೆದಿಟ್ಟ. ಕೈಗಾಡಿಗೂ ಒಳಗೆ ಒಂದು ಗೂಡು ಕಟ್ಟಿ ಗೌರವದಿಂದ ನಿಲ್ಲಿಸಿದ. 1969ರಲ್ಲಿ, ಸಾಹಿತಿ ಆಂದ್ರೆ ಮಾಲ್ರೋ ಬೆಂಬಲದಿಂದ, ಫ್ರಾನ್ಸ್ ಈ ಅರಮನೆಯನ್ನು ಐತಿಹಾಸಿಕ ಸ್ಮಾರಕವೆಂದು ಒಪ್ಪಿಕೊಂಡಿತು.

ಅರಮನೆ ಮುಗಿದಾಗಲೂ ಕಟ್ಟಿದವನ ಕತೆ ಮುಗಿದಿರಲಿಲ್ಲ! ಅರಮನೆಯಲ್ಲೇ ಮಣ್ಣಾಗಬೇಕೆಂಬುದು ಶೆವಾಲ್‌ನ ಆಸೆ, ಕಾನೂನು ಒಪ್ಪಲಿಲ್ಲ. ಸಮಾಧಿಯೇನಿದ್ದರೂ ಊರ ಸ್ಮಶಾನದಲ್ಲೇ ಆಗಬೇಕಿತ್ತು. 78ರ ಆಸುಪಾಸಿನ ಆ ಮುದುಕ ಏನು ಮಾಡಿದ ಗೊತ್ತೇ? ತನ್ನ ಸಮಾಧಿಯನ್ನು ತಾನೇ ಕಟ್ಟಲು ಮತ್ತೆ ಕಲ್ಲು ಸಾಗಿಸತೊಡಗಿದ. ಅದಕ್ಕೆ ಹಿಡಿದದ್ದು ಇನ್ನೂ 8 ವರ್ಷ. 1922ರಲ್ಲಿ ಮುಗಿಸಿದ, 1924ರಲ್ಲಿ ಅಲ್ಲಿ ಮಲಗಿದ.