ಮೀನಿಗಿಂತ ಮೊದಲು ನೀರು

ಗಾಜಿನ ತೊಟ್ಟಿಯೊಂದು ಮನೆಗೆ ಬಂದ ದಿನ ಮಕ್ಕಳಿಗೆ ಹಬ್ಬವೇ ಸರಿ. ಜೇವರ್ಗಿ ಕಾಲೋನಿಯ ನಮ್ಮ ಮನೆಗೂ ಅಂಥದೊಂದು ಹಬ್ಬ ಬಂದಿತ್ತು. ಎರಡನೆಯ ತರಗತಿಯಲ್ಲಿ ಓದುವ ಮಗಳು ಆರು ತಿಂಗಳಿಂದ ಕಾಡಿ ಬೇಡಿ, ಕೊನೆಗೆ ಅಜ್ಜಿಯ ಶಿಫಾರಸನ್ನೂ ಸಂಪಾದಿಸಿ, ನನ್ನನ್ನು ಒಪ್ಪಿಸಿದ್ದಳು. ಶನಿವಾರ ಸಂಜೆ ಎರಡಡಿ ಉದ್ದದ ತೊಟ್ಟಿಯನ್ನು ತಂದೆವು. ಅದೇ ರಾತ್ರಿ ನೀರು ತುಂಬಿದೆವು. ಭಾನುವಾರ ಬೆಳಿಗ್ಗೆ ಆರು ಚಿನ್ನದ ಮೀನುಗಳನ್ನು ಬಿಟ್ಟೆವು. ಮಂಗಳವಾರದ ವೇಳೆಗೆ ಅವು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು.

“ಅಪ್ಪಾ, ಅವು ಮಾತಾಡ್ಲಾಕತ್ತಾವ” ಎಂದಳು ಮಗಳು. ನಾನೂ ಹೌದೆಂದು ನಕ್ಕೆ. ಶುಕ್ರವಾರದ ಹೊತ್ತಿಗೆ ಆರೂ ಸತ್ತಿದ್ದವು.

ಅವುಗಳನ್ನು ಹಿತ್ತಲಿನ ಮಲ್ಲಿಗೆಯ ಬುಡದಲ್ಲಿ ಹೂಳಿ ಕೈ ತೊಳೆಯುತ್ತಿದ್ದಾಗ ಆಕೆ ಕೇಳಿದಳು: “ನೀರು ಅಷ್ಟು ಸ್ವಚ್ಛ ಇತ್ತು. ಮತ್ತ ಹೆಂಗ ಸತ್ತವು?” ಹಳಗನ್ನಡದ ಪಾಠ ಹೇಳುವವನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕಿಕೊಂಡು ಪೇಟೆಗೆ ಹೋದೆ.

ಪೇಟೆಯಲ್ಲಿ ಉತ್ತರಕ್ಕೇನೂ ಬರವಿಲ್ಲ. ತೊಟ್ಟಿಯನ್ನು ಮಾರಿದ ಅಂಗಡಿಯವರು, “ಏನೂ ಆಗಂಗಿಲ್ರಿ ಸರ್. ಮೀನು ನಾಜೂಕ ಇದ್ದವು, ಹೋದವು. ಈ ನೀಲಿ ಔಷಧ ನಾಲ್ಕು ಹನಿ ಹಾಕ್ರಿ, ಇವತ್ತೇ ಬ್ಯಾರೆ ಮೀನು ಬಿಡ್ರಿ” ಎಂದರು. ಇನ್ನೊಂದು ಅಂಗಡಿಯವರು ತಲೆಯಲ್ಲಾಡಿಸಿ, ನೀರನ್ನು ಎರಡು ದಿನ ಹಾಗೆಯೇ ಇಟ್ಟು, ಒಂದು ಹಿಡಿ ಹರಳುಪ್ಪು ಹಾಕಿ, ಆಮೇಲೆ ಮೀನು ಬಿಡಬೇಕೆಂದೂ, ಪ್ರತಿ ಭಾನುವಾರ ಎಲ್ಲ ನೀರನ್ನು ಚೆಲ್ಲಿ ತೊಟ್ಟಿಯನ್ನು ಉಜ್ಜಿ ತೊಳೆಯಬೇಕೆಂದೂ ಉಪದೇಶಿಸಿದರು. ಮೂರನೆಯದು ಓಣಿಯೊಳಗಿನ ಸಣ್ಣ ಅಂಗಡಿ. ಅಲ್ಲಿದ್ದ ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಒಂದು ತಿಂಗಳು ಖಾಲಿ ತೊಟ್ಟಿ ನೋಡಿಕೋತ ಕೂಡ್ರಿ. ಆಗ್ತದೇನು ನಿಮ್ಮ ಕೈಲೆ?” ಎಂದು ಕೇಳಿದರು.

ಒಂದೇ ಊರು, ಒಂದೇ ನೀರು, ಒಂದೇ ಜಾತಿಯ ಮೀನು; ಉಪದೇಶ ಮಾತ್ರ ಮೂರು. ಯಾರು ನಿಜ ಹೇಳುತ್ತಿದ್ದಾರೆ? ಕೆಲವು ತಿಂಗಳ ಓದು ಮತ್ತು ಇನ್ನೊಂದು ಪ್ರಯೋಗದ ಬಳಿಕ ನನಗೆ ತಿಳಿದುದು ಇಷ್ಟು: ಮೂವರೂ ತಮ್ಮ ತಮ್ಮ ಅನುಭವದ ಮಟ್ಟಿಗೆ ಸುಳ್ಳು ಹೇಳಿರಲಿಲ್ಲ, ಆದರೆ ನನ್ನ ತೊಟ್ಟಿಗೆ ಸಲ್ಲುವ ಮಾತನ್ನು ಆಡಿದವರು ಮುದುಕರೊಬ್ಬರೇ.

ಮೀನು ನೀರಿನಲ್ಲಿ ಉಣ್ಣುತ್ತದೆ, ಅದೇ ನೀರಿನಲ್ಲಿ ವಿಸರ್ಜಿಸುತ್ತದೆ. ಅದರ ಕಿವಿರುಗಳಿಂದ ಸದಾ ಅಮೋನಿಯಾ ಹೊರಬೀಳುತ್ತದೆ; ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಅಮೋನಿಯಾ. ಕೆರೆಯಲ್ಲಿ ಲಕ್ಷಾಂತರ ಲೀಟರ್ ನೀರಿಗೆ ಅದು ಲೆಕ್ಕಕ್ಕಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 54 ಲೀಟರ್. ಅದರಲ್ಲಿ ಆರು ಚಿನ್ನದ ಮೀನುಗಳೆಂದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೊಗೆಯೊಲೆ ಉರಿಸಿದಂತೆ. ಅಮೋನಿಯಾಕ್ಕೆ ಬಣ್ಣವಿಲ್ಲ. ನೀರು ಗಾಜಿನಷ್ಟೇ ತಿಳಿಯಾಗಿ ಕಾಣುತ್ತಿರುವಾಗಲೇ ಕಿವಿರುಗಳು ಸುಟ್ಟು ಕೆಂಪಾಗುತ್ತವೆ. ಮೇಲ್ಮೈಗೆ ಬಂದು ಅವು ಆಡಿದ್ದು ಮಾತಲ್ಲ, ಉಸಿರಿನ ಹೋರಾಟ.

ಹಾಗಾದರೆ ವರ್ಷಗಟ್ಟಲೆ ಮೀನುಗಳು ಬದುಕುವ ತೊಟ್ಟಿಗಳಲ್ಲಿ ಈ ವಿಷ ಎಲ್ಲಿ ಹೋಗುತ್ತದೆ? ಇದರ ಕತೆ ಸ್ವಾರಸ್ಯವಾಗಿದೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಚಿನ್ನದ ಮೀನುಗಳನ್ನು ವ್ಯಾಲಿಸ್ನೇರಿಯಾ ಎಂಬ ನೀರುಗಿಡದೊಡನೆ ಒಂದು ಪಾತ್ರೆಯಲ್ಲಿಟ್ಟು, ಕೊಳೆತ ಎಲೆಗಳನ್ನು ತಿನ್ನಲು ಬಸವನಹುಳುಗಳನ್ನೂ ಬಿಟ್ಟು, ನೀರು ಬದಲಿಸದೆಯೇ ಎಲ್ಲವೂ ಕ್ಷೇಮವಾಗಿರುವುದನ್ನು ವರದಿ ಮಾಡಿದ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಗಿಡಕ್ಕೆ ಗೊಬ್ಬರ ಕೊಡುತ್ತದೆ ಎಂಬುದು ಅವನ ವಿವರಣೆ. ನಾಲ್ಕು ವರ್ಷಗಳ ಅನಂತರ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬಂದು ಇಂಗ್ಲೆಂಡಿನ ಮನೆಮನೆಗಳಲ್ಲಿ ಗಾಜಿನ ತೊಟ್ಟಿಗಳ ಹುಚ್ಚೆದ್ದಿತು. ಆದರೆ ವಾರಿಂಗ್ಟನ್ನನ ಪಾತ್ರೆಯಲ್ಲಿ ಕಣ್ಣಿಗೆ ಕಾಣದ ಇನ್ನೊಬ್ಬ ಕೆಲಸಗಾರನಿದ್ದುದು ಆಗ ಯಾರಿಗೂ ತಿಳಿದಿರಲಿಲ್ಲ.

ಅವನನ್ನು ಬಯಲಿಗೆಳೆದದ್ದು ಚರಂಡಿಯ ನೀರು! 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬಿಬ್ಬರು ಮರಳು ಮತ್ತು ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಹಾಕಿದ ಅಮೋನಿಯಾ ಹಾಗೆಯೇ ಹೊರಬಂದಿತು. ಆಮೇಲೆ ಅಮೋನಿಯಾ ಮಾಯವಾಗಿ ನೈಟ್ರೇಟ್ ಕಾಣಿಸಿಕೊಳ್ಳತೊಡಗಿತು. ಕ್ಲೋರೋಫಾರಂ ಹಬೆಯನ್ನು ಹಾಯಿಸಿದೊಡನೆ ಆ ಕೆಲಸ ನಿಂತಿತು; ಒಂದಿಷ್ಟು ಮಣ್ಣು ತೊಳೆದ ನೀರನ್ನು ಸುರಿದ ಮೇಲೆ ಮತ್ತೆ ಆರಂಭವಾಯಿತು. ಅಂದಮೇಲೆ ಇದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಮರಳಿನ ಕಣಗಳಿಗೆ ಅಂಟಿ ಬಾಳುವ ಜೀವಿಗಳ ಕೆಲಸ ಎಂದಾಯಿತು. ಆ ಇಪ್ಪತ್ತು ದಿನಗಳ ಮೌನವನ್ನು ಓದಿದಾಗ ಓಣಿಯ ಮುದುಕರ ‘ಒಂದು ತಿಂಗಳು’ ನನಗೆ ನೆನಪಾಯಿತು.

ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಒಂದು ಬಗೆಯ ಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ ಎಂದು ತೋರಿಸಿದವರಲ್ಲಿ ಒಬ್ಬನ ಹೆಸರೂ ರಾಬರ್ಟ್ ವಾರಿಂಗ್ಟನ್. ಆ ಲಂಡನ್ನಿನ ಚಿನ್ನದ ಮೀನುಗಳ ಒಡೆಯನ ಮಗನೇ ಈತ! ರಾಥಮ್‌ಸ್ಟೆಡ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಲದ ಮಣ್ಣನ್ನು ಪರೀಕ್ಷಿಸುತ್ತ ಅವನು ಇದನ್ನು ಕಂಡುಕೊಂಡ. ತಂದೆಯ ಪಾತ್ರೆಯ ಗುಟ್ಟನ್ನು ಮಗ ಹೊಲದಲ್ಲಿ ಬಿಡಿಸಿದನೆನ್ನಬಹುದು. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸುವ ಕೀರ್ತಿ ಮಾತ್ರ 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿಗೆ ಸಂದಿತು.

ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತಕ್ಕೆ ಸೇರಿ, ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕೆಡಿಸುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಗಿಡಗಳು ಒಂದಿಷ್ಟನ್ನು ಹೀರಿಕೊಳ್ಳುತ್ತವೆ, ಉಳಿದದ್ದು ವಾರವಾರ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ. ಹೊಸ ತೊಟ್ಟಿಯನ್ನು ಸಿದ್ಧಪಡಿಸುವುದೆಂದರೆ ಈ ಎರಡು ಬಗೆಯ ಅಗೋಚರ ಜೀವಿಗಳಿಗೆ ಮನೆ ಮಾಡಿಕೊಡುವುದೇ ಹೊರತು ಬೇರೆಯಲ್ಲ. ಅವುಗಳ ವಂಶ ನಿಧಾನವಾಗಿ ಬೆಳೆಯುತ್ತದೆ. ನಾಲ್ಕರಿಂದ ಆರು ವಾರ ಬೇಕಾಗುವುದು ಇದರಿಂದಲೇ.

ಈಗ ಅಂಗಡಿಗಳ ಮಾತಿಗೆ ಮರಳೋಣ. ಮೊದಲನೆಯವರು ತಮ್ಮ ಅಂಗಡಿಯ ತೊಟ್ಟಿಗೆ ಹೊಸ ಮೀನುಗಳನ್ನು ಬಂದ ದಿನವೇ ಬಿಡುತ್ತಾರೆ, ಅವು ಸಾಯುವುದಿಲ್ಲ. ಏಕೆಂದರೆ ಅವರ ಸ್ಪಂಜು, ಮರಳುಗಳಲ್ಲಿ ಆ ಜೀವಿಗಳು ವರ್ಷಗಳಿಂದ ನೆಲೆಸಿವೆ. ತಮಗೆ ಆದದ್ದು ಗಿರಾಕಿಗೂ ಆದೀತೆಂದು ಅವರು ನಂಬಿದರೆ ಆಶ್ಚರ್ಯವಿಲ್ಲ. (ಸತ್ತ ಮೀನಿನ ಜಾಗಕ್ಕೆ ಇನ್ನೊಂದು ಮೀನು ಮಾರಾಟವಾಗುತ್ತದೆಂಬುದನ್ನೂ ಮರೆಯುವಂತಿಲ್ಲ, ಆದರೆ ಎಲ್ಲವನ್ನೂ ದುರಾಸೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.) ಅವರ ನೀಲಿ ಔಷಧ ಮೆಥಿಲೀನ್ ಬ್ಲೂ. ಮೀನಿನ ಮೈಮೇಲಿನ ಬೂಷ್ಟಿಗೆ ಅದು ಮದ್ದು ನಿಜ. ಆದರೆ ನಾವು ಕಾದು ಬೆಳೆಸಬೇಕಾದ ಜೀವಿಗಳಿಗೆ ಹಿತವಲ್ಲ.

ಎರಡನೆಯವರ ‘ಎರಡು ದಿನ’ ಕ್ಲೋರಿನ್ನಿನ ಲೆಕ್ಕ. ಭೀಮೆಯಿಂದಲೋ ಬೆಣ್ಣೆತೊರೆಯಿಂದಲೋ ಬರುವ ನಲ್ಲಿಯ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ಅದು ಮೀನಿಗೂ ಸೂಕ್ಷ್ಮಜೀವಿಗೂ ಮಾರಕ. ಅಗಲಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ಇಟ್ಟರೆ ಅದು ಗಾಳಿಗೆ ಹಾರಿಹೋಗುತ್ತದೆ. ಅವಸರವಿದ್ದವರಿಗೆ ಸೋಡಿಯಂ ಥಯೋಸಲ್ಫೇಟಿನ ಹರಳುಗಳಿವೆ. ಹಿಂದೆ ಫೋಟೋ ತೊಳೆಯುವವರು ‘ಹೈಪೋ’ ಎಂದು ಕರೆಯುತ್ತಿದ್ದುದು ಇದನ್ನೇ. ಆದರೆ ಕ್ಲೋರಿನ್ ಹೋದ ಮಾತ್ರಕ್ಕೆ ಅಮೋನಿಯಾ ಹೋಗುವುದಿಲ್ಲ. ಉಪ್ಪಿನ ಸಲಹೆಯಲ್ಲಿಯೂ ಒಂದು ತಥ್ಯವಿದೆ: ಉಪ್ಪಿನ ಕ್ಲೋರೈಡ್ ಕಿವಿರುಗಳಲ್ಲಿ ನೈಟ್ರೈಟಿಗೆ ದಾರಿ ಕಟ್ಟುತ್ತದೆ. ಆದರೆ ಭಾನುವಾರದ ಸ್ನಾನ ಮಾತ್ರ ಶುದ್ಧ ಅನರ್ಥ. ವಾರವೆಲ್ಲ ಕಷ್ಟಪಟ್ಟು ನೆಲೆಗೊಂಡ ಜೀವಿಗಳನ್ನು ಉಜ್ಜಿ ಮೋರಿಗೆ ಹಾಕಿದಂತಾಗುತ್ತದೆ. ತೊಟ್ಟಿ ಎಂದೆಂದಿಗೂ ಹೊಸತಾಗಿಯೇ ಉಳಿಯುತ್ತದೆ. ಸ್ಪಂಜನ್ನು ತೊಳೆಯಬೇಕಾದಾಗ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು, ನಲ್ಲಿಯ ಕೆಳಗೆ ಹಿಡಿಯಬಾರದು.

ನಮ್ಮ ಊರಿಗೆ ಇನ್ನೆರಡು ತೊಡಕುಗಳಿವೆ. ಅವನ್ನು ಬೆಂಗಳೂರಿನ ಪುಸ್ತಕಗಳಾಗಲಿ ಮುಂಬಯಿಯ ಪುಸ್ತಕಗಳಾಗಲಿ ಹೇಳುವುದಿಲ್ಲ. ಮೊದಲನೆಯದು ಕಲ್ಲು. ತೊಟ್ಟಿಯ ಅಲಂಕಾರಕ್ಕೆಂದು ನಾನು ಶಹಾಬಾದಿ ಕಲ್ಲಿನ ತುಂಡುಗಳನ್ನು ಜೋಡಿಸಿ ಗುಹೆಯೊಂದನ್ನು ಕಟ್ಟಿದ್ದೆ. ಮನೆಯ ನೆಲಕ್ಕೆ ಹಾಸುವ ಈ ಕಲ್ಲು ಸುಣ್ಣಕಲ್ಲೆಂಬುದು ಗೊತ್ತಿದ್ದೂ ಹೊಳೆದಿರಲಿಲ್ಲ. ಅದರ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆಯೇಳುತ್ತದೆ. ಅಂಥ ಕಲ್ಲು ನೀರನ್ನು ಗಡಸುಗೊಳಿಸಿ ಕ್ಷಾರದ ಕಡೆಗೆ ಎಳೆಯುತ್ತದೆ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಕೇಳುವುದೇ ಬೇಡ. ಇದರಿಂದೇನು ನಷ್ಟ? ನೀರಿನ ಅಮೋನಿಯಾದಲ್ಲಿ ವಿಷವಾಗಿರುವ ಪಾಲು ಎಲ್ಲ ಕಾಲಕ್ಕೂ ಒಂದೇ ಅಲ್ಲ. 25 ಡಿಗ್ರಿ ಉಷ್ಣದಲ್ಲಿ, ಪಿಎಚ್ 7 ಇರುವ ನೀರಿನಲ್ಲಿ ಅದು ನೂರಕ್ಕೆ ಒಂದು ಭಾಗವೂ ಇಲ್ಲ. ಪಿಎಚ್ 8ಕ್ಕೆ ಏರಿದರೆ ನೂರಕ್ಕೆ ಸುಮಾರು ಐದು. ಒಂದೇ ಪ್ರಮಾಣದ ಕೊಳೆ ಇಲ್ಲಿ ಹತ್ತು ಪಾಲಿನಷ್ಟು ಕೊಲ್ಲುತ್ತದೆ.

ಎರಡನೆಯದು ಬಿಸಿಲು. ಕಲಬುರಗಿಯ ಬೇಸಗೆಯನ್ನು ವರ್ಣಿಸಿ ವಾಚಕರಿಗೆ ಬೆವರು ಬರಿಸಲಾರೆ. ನೀರು ಕಾದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಸುವ ನೀರು 30 ಡಿಗ್ರಿಯಲ್ಲಿ ಏಳೂವರೆಯನ್ನಷ್ಟೇ ಹಿಡಿಯಬಲ್ಲುದು. ಆದ್ದರಿಂದ ಮೊದಲ ತೊಟ್ಟಿಯನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಆರಂಭಿಸದಿರುವುದೇ ಲೇಸು. ಬೇಸಗೆಯಲ್ಲಿ ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನು ಬೀಸಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಆವಿಯಾಗಿ ಹೋದ ನೀರಿನ ಲವಣಗಳು ಮಾತ್ರ ತೊಟ್ಟಿಯಲ್ಲಿಯೇ ಉಳಿಯುವುದರಿಂದ, ಬರಿದೆ ತುಂಬುತ್ತ ಹೋಗದೆ ಒಂದಿಷ್ಟು ಹಳೆಯ ನೀರನ್ನು ತೆಗೆಯುತ್ತಲೂ ಇರಬೇಕು.

ಚಿನ್ನದ ಮೀನಿನ ಆಯ್ಕೆಯೂ ತಪ್ಪೇ ಆಗಿತ್ತು. ಅದು ಅಡಿಯುದ್ದ ಬೆಳೆಯಬಲ್ಲ, ಬಹಳ ಉಣ್ಣುವ, ತಂಪು ನೀರನ್ನು ಬಯಸುವ ಮೀನು. ನಮ್ಮ ಗಡಸು ನೀರಿಗೂ ಸೆಕೆಗೂ ಒಗ್ಗುವವು ಗಪ್ಪಿ, ಮೋಲಿಗಳು. ಆರೋಗ್ಯ ಇಲಾಖೆಯವರು ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಬಾವಿ, ತೊಟ್ಟಿಗಳಿಗೆ ಬಿಡುವುದೂ ಗಪ್ಪಿಯನ್ನೇ. ಮೀನಿನ ಜಾತಿಯನ್ನು ವಿಚಾರಿಸುವ ಸಂಪ್ರದಾಯ ನಮ್ಮ ಸೀಮೆಗೆ ಹೊಸದೇನಲ್ಲ. ಇಲ್ಲಿಂದ ದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ, ಮೂವತ್ತಕ್ಕೂ ಮಿಕ್ಕ ಬಗೆಯ ಮೀನುಗಳನ್ನು ಅರಸ ಅಲ್ಲಿ ಹೆಸರಿಸಿದ್ದಾನೆ. ಅವನ ವಿನೋದ ಗಾಳ ಹಾಕುವುದು ಎಂಬ ಮಾತು ಬೇರೆ!

ಎರಡನೆಯ ಸಲ ಹೀಗೆ ಮಾಡಿದೆವು. ಖಾಲಿ ತೊಟ್ಟಿಯನ್ನು ಸಾಬೂನು ಸೋಕಿಸದೆ ತೊಳೆದು, ಬಿಸಿಲು ಬೀಳದ ಗೋಡೆಯ ಬದಿಗೆ, ತೂಕ ತಡೆಯುವ ಮೇಜಿನ ಮೇಲೆ ಥರ್ಮೋಕೋಲ್ ಹಾಸಿ ಇಟ್ಟೆವು. ನೀರೇ 54 ಕಿಲೋ. ಗಾಜು, ಮರಳು ಸೇರಿದರೆ ದೊಡ್ಡವನೊಬ್ಬ ಮೇಜಿನ ಮೇಲೆ ಸದಾ ನಿಂತಿರುವಷ್ಟು ಭಾರ. ಮರಳನ್ನು ಬಕೆಟ್ಟಿನಲ್ಲಿ ಹತ್ತು ಹನ್ನೆರಡು ಸಲ ಜಾಲಿಸಿದ ಬಳಿಕ ತಿಳಿ ಬಂತು. ಮರಳು ಕದಡದಂತೆ ಒಂದು ತಾಟನ್ನಿಟ್ಟು ಅದರ ಮೇಲೆ ನೀರು ಹೊಯ್ದೆವು. ಗಿಡ ನೆಟ್ಟು, ಗಾಳಿಯಂತ್ರಕ್ಕೆ ಸ್ಪಂಜಿನ ಸೋಸುಕ ಜೋಡಿಸಿದೆವು. ಮೀನಿಲ್ಲ.

ಆ ಮುದುಕರ ಬಳಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಾಗ, ಅವರು ತಮ್ಮ ತೊಟ್ಟಿಯ ಹಳೆಯ ಸ್ಪಂಜಿನಿಂದ ಅಂಗೈಯಷ್ಟು ತುಂಡನ್ನು ಕತ್ತರಿಸಿ, ನೀರಿದ್ದ ಚೀಲದಲ್ಲಿ ಹಾಕಿಕೊಟ್ಟರು. “ಮನೀ ಮುಟ್ಟೂತನಕ ಒಣಗಿಸಬ್ಯಾಡ್ರಿ” ಎಂದವರು ದುಡ್ಡು ಮುಟ್ಟಲಿಲ್ಲ. ಕಂದುಬಣ್ಣದ, ನೋಡಲು ಅಸಹ್ಯವಾದ ಆ ತುಂಡು ಮೊಸರಿಗೆ ಹೆಪ್ಪಿದ್ದಂತೆ. ರೋಗದ ತೊಟ್ಟಿಯಿಂದ ತಂದರೆ ರೋಗವೂ ಜೊತೆಗೆ ಬರುತ್ತದೆಂಬ ಎಚ್ಚರವಿರಬೇಕು. ಬಾಟಲಿಯಲ್ಲಿ ಮಾರುವ ‘ಜೀವಿ’ಗಳೂ ಉಂಟು. ನೈಟ್ರೈಟ್ ತಿನ್ನುವುದು ನೈಟ್ರೋಬ್ಯಾಕ್ಟರ್ ಎಂದು ಬಹುಕಾಲ ನಂಬಿದ್ದರು. ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ನೈಟ್ರೋಸ್ಪೈರ ಎಂದು 1998ರಲ್ಲಿ ಹೊವನೆಕ್ ಮತ್ತು ಸಂಗಡಿಗರು ತೋರಿಸಿದರು. ಹಳೆಯ ಬಾಟಲಿಗಳು ಅನೇಕರಿಗೆ ಫಲ ಕೊಡದಿದ್ದುದಕ್ಕೆ ಇದೂ ಒಂದು ಕಾರಣವಿದ್ದೀತು. ನಮ್ಮ ಸೆಕೆಯಲ್ಲಿ ಗೋದಾಮಿನೊಳಗೆ ಬೆಂದು ಬಂದ ಬಾಟಲಿಯ ಮೇಲೆ ನನಗಂತೂ ಭರವಸೆಯಿಲ್ಲ.

ಜೀವಿಗಳಿಗೆ ಊಟ ಬೇಕಲ್ಲ? ಮಗಳು ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕುತ್ತಿದ್ದಳು. ನೆರೆಮನೆಯ ಕಾಕಾ ಅದನ್ನು ನೋಡಿ, “ಮೀನಿಲ್ಲದ ತೊಟ್ಟಿಗೆ ನೈವೇದ್ಯ ಮಾಡ್ತೀಯೇನವ್ವಾ?” ಎಂದು ನಕ್ಕರು. ಕೊರಿಯರ್ ಮೂಲಕ ತರಿಸಿದ ಪರೀಕ್ಷೆಯ ದ್ರಾವಣಗಳಿಂದ ಎರಡು ದಿನಕ್ಕೊಮ್ಮೆ ನೀರನ್ನು ನೋಡಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆವು. ಎಂಟನೆಯ ದಿನದವರೆಗೆ ಅಮೋನಿಯಾ ಏರಿತು. ಹನ್ನೊಂದನೆಯ ದಿನ ನೈಟ್ರೈಟ್ ಕಾಣಿಸಿಕೊಂಡು ನೇರಳೆಯ ಬಣ್ಣ ಕಡುವಾಯಿತು. ಅದು ಎರಡು ವಾರ ಇಳಿಯಲೇ ಇಲ್ಲ. ಈ ಮಧ್ಯೆ ನೀರು ಒಮ್ಮೆ ಹಾಲಿನಂತೆ ಮಸುಕಾಗಿ ತಾನಾಗಿಯೇ ತಿಳಿಯಾಯಿತು. ಎಲ್ಲವನ್ನೂ ಚೆಲ್ಲಿಬಿಡೋಣವೆಂದು ನನಗನ್ನಿಸಿದ್ದು ಆಗಲೇ, ಮಗಳು ಬಿಡಲಿಲ್ಲ. ಇಪ್ಪತ್ತೇಳನೆಯ ದಿನ ಎರಡೂ ಸೊನ್ನೆ. ಖಚಿತವಾಗಲೆಂದು ಇನ್ನೂ ಮೂರು ದಿನ ಕಾದು, ಅರ್ಧ ನೀರನ್ನು ಬದಲಿಸಿ, ಮೂರು ಗಪ್ಪಿಗಳನ್ನು ತಂದೆವು. ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಸಿ ಉಷ್ಣ ಸಮವಾದ ಮೇಲೆ ಮೀನುಗಳನ್ನಷ್ಟೇ ಬಿಟ್ಟೆವು, ಅಂಗಡಿಯ ನೀರನ್ನಲ್ಲ. ಎರಡು ವಾರ ಬಿಟ್ಟು ಇನ್ನು ಮೂರು.

ಕಳೆದ ತಿಂಗಳು ಕಾಕಾನ ಮೊಮ್ಮಗನಿಗೂ ತೊಟ್ಟಿಯೊಂದು ಬಂದಿತು. ಮಗಳು ನನ್ನನ್ನು ಕೇಳದೆಯೇ ಕತ್ತರಿಯನ್ನು ಹುಡುಕಿ, ನಮ್ಮ ಸ್ಪಂಜಿನ ಒಂದು ಮೂಲೆಯನ್ನು ಕತ್ತರಿಸಿ, ನೀರಿನ ಲೋಟದಲ್ಲಿ ಮುಳುಗಿಸಿ, ಅಂಗಳ ದಾಟಿ ಕೊಟ್ಟುಬಂದಳು. ಆ ಹುಡುಗನ ತೊಟ್ಟಿಗೆ ಇಂದು ಹತ್ತೊಂಬತ್ತನೆಯ ದಿನ. ದಿನವೂ ಸಂಜೆ ಇಬ್ಬರೂ ಅದರ ಮುಂದೆ ಕುಳಿತಿರುತ್ತಾರೆ; ಒಳಗೆ ಇನ್ನೂ ಒಂದು ಮೀನೂ ಇಲ್ಲ.